ಬಾನೆಟ್ಟಿನ ಕೆಳಗಿನ ಬೇಸಿಗೆ



ಕೊಲ್ಲೂರಿಗೆ ಹೋದವರಲ್ಲಿ ಬಹಳ ಮಂದಿ ಕೊಡಚಾದ್ರಿಗೂ ಹೋಗಿಬರುತ್ತಾರೆ. ಸ್ವಂತ ಕಾರಿದ್ದವರೂ ಅದನ್ನು ಕೆಳಗೇ ಬಿಟ್ಟು ಬಾಡಿಗೆ ಜೀಪು ಹತ್ತುತ್ತಾರೆ. ಟಾರು ಮುಗಿಯುವವರೆಗೆ ಎಲ್ಲ ಸುಖ. ಆಮೇಲಿನದನ್ನು ರಸ್ತೆ ಅನ್ನುವುದು ನಮ್ಮ ದೊಡ್ಡತನ. ಮಳೆನೀರು ಕೊರೆದ ಚರಂಡಿ, ಅದರ ನಡುವೆ ತಲೆಯೆತ್ತಿದ ಬಂಡೆ, ತಿರುವಿಗೊಂದು ಕೆಸರಿನ ಹೊಂಡ. ಶಿಖರದ ಎತ್ತರ 1343 ಮೀಟರ್. ಒಳಗೆ ಕೂತವರು ಕಂಬಿ ಹಿಡಿದು ದೇವರ ಹೆಸರು ಹೇಳುತ್ತಿರುವಾಗ, ಮುಂದೆ ಬಾನೆಟ್ಟಿನ ಕೆಳಗೆ ಏನು ನಡೆಯುತ್ತಿದೆ ಅನ್ನುವುದು ಯಾರ ತಲೆಗೂ ಬರುವುದಿಲ್ಲ. ಈ ಹೊತ್ತು ಅದನ್ನೇ ಮಾತಾಡೋಣ. ಕೊಡಚಾದ್ರಿ ಒಂದು ನೆಪ. ಮಡಿಕೇರಿ ಕಡೆ ಮಾಂದಲಪಟ್ಟಿಗೆ ಜೀಪು ಹೊಡೆಯುವವರಿಗೂ, ಕಾಫಿ ತೋಟದಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತಿಸುವವರಿಗೂ, ಭಾನುವಾರ ಬಂತೆಂದರೆ ಥಾರ್ ತೆಗೆದುಕೊಂಡು ಕೆಸರು ಹುಡುಕಿ ಹೋಗುವ ಬೆಂಗಳೂರಿನ ಹುಡುಗರಿಗೂ ಈ ಮಾತು ಸಲ್ಲುತ್ತದೆ.

ಗಾಡಿ ಹೀಟ್ ಆಯ್ತು ಅಂದ ತಕ್ಷಣ ನಮ್ಮಲ್ಲಿ ಬೈಗಳು ಬೀಳುವುದು ರೇಡಿಯೇಟರಿಗೆ. ಬಿಚ್ಚು, ರಾಡ್ ಹೊಡೆಸು, ಅದಕ್ಕೂ ಆಗದಿದ್ದರೆ ದಪ್ಪ ಕೋರಿನದ್ದು ಹಾಕಿಸು. ಸಾವಿರಾರು ರೂಪಾಯಿ ಖರ್ಚಾದ ಮೇಲೆ ಅದೇ ತಿರುವಿನಲ್ಲಿ ಮುಳ್ಳು ಮತ್ತೆ ಕೆಂಪಿಗೆ ಹೋಗುತ್ತದೆ. ಯಾಕೆ? ರೇಡಿಯೇಟರ್ ಬಿಸಿಯನ್ನು ಇಲ್ಲವಾಗಿಸುವುದಿಲ್ಲ, ಸಾಗಿಸುತ್ತದೆ ಅಷ್ಟೆ. ಇಂಜಿನ್ನಿನ ಒಡಲೊಳಗಿನ ಬಿಸಿಯನ್ನು ನೀರು ಹೊತ್ತು ತರುತ್ತದೆ, ರೇಡಿಯೇಟರ್ ಅದನ್ನು ಗಾಳಿಗೆ ಒಪ್ಪಿಸುತ್ತದೆ. ಆ ಬಿಸಿ ಗಾಳಿ ಹೋಗುವುದು ಎಲ್ಲಿಗೆ? ಹಿಂದಕ್ಕೆ, ನೇರವಾಗಿ ಅದೇ ಇಂಜಿನ್ನಿನ ಮೈಮೇಲೆ. ಅಲ್ಲಿಂದ ಅದು ಹೊರಬೀಳದಿದ್ದರೆ ಮುಂದಿನಿಂದ ಹೊಸ ಗಾಳಿ ಬರಲು ಜಾಗವೇ ಇರುವುದಿಲ್ಲ. ಹೀಗಾಗಿ ನನ್ನ ವಾದ ಇಷ್ಟೇ: ಗಾಳಿ ಒಳಗೆ ಬರುವ ದಾರಿಗೆ ದುಡ್ಡು ಸುರಿಯುವ ಮೊದಲು ಅದು ಹೊರಗೆ ಹೋಗುವ ದಾರಿಯನ್ನು ನೋಡಿ.

ಎಷ್ಟು ಬಿಸಿಯ ಮಾತು ಇದು ಅಂತ ಒಂದು ಅಂದಾಜು ಕಟ್ಟೋಣ. ಜನ, ಸಾಮಾನು ಎಲ್ಲ ಸೇರಿ 2200 ಕಿಲೋ ತೂಗುವ ಜೀಪು, ಐದು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ದಾರಿಯಲ್ಲಿ, ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹತ್ತುತ್ತಿದೆ ಅನ್ನಿ. ಸಡಿಲ ಕಲ್ಲಿನ ಎಳೆತವನ್ನೂ ಸೇರಿಸಿದರೆ ಚಕ್ರಕ್ಕೆ ಬೇಕಾಗುವ ಶಕ್ತಿ 14–15 ಕಿಲೋವ್ಯಾಟ್. ಡೀಸೆಲ್ ಇಂಜಿನ್ನಿನಲ್ಲಿ ಸುಟ್ಟ ಎಣ್ಣೆಯ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೆಲಸಕ್ಕೆ ಬರುತ್ತದೆ, ಇನ್ನೊಂದು ಪಾಲು ಹೊಗೆಯ ಜೊತೆ ಸೈಲೆನ್ಸರಿನಲ್ಲಿ ಹೋಗುತ್ತದೆ, ಉಳಿದದ್ದು ನೀರಿಗೂ ಇಂಜಿನ್ನಿನ ಮೈಗೂ ಸೇರುತ್ತದೆ. ಅಂದರೆ ಚಕ್ರಕ್ಕೆ ಎಷ್ಟು ಹೋಯಿತೋ ಹೆಚ್ಚುಕಡಿಮೆ ಅಷ್ಟೇ ಬಿಸಿ, 15 ಕಿಲೋವ್ಯಾಟಿನಷ್ಟು, ರೇಡಿಯೇಟರಿಗೂ ಬಂತು. ನಮ್ಮ ಬಚ್ಚಲುಮನೆಯ ಗೀಸರ್ 2 ಕಿಲೋವ್ಯಾಟಿನದು. ಅಂಥ ಏಳು ಗೀಸರುಗಳನ್ನು ಒಂದೇ ಬಾನೆಟ್ಟಿನ ಕೆಳಗೆ ಹಚ್ಚಿಟ್ಟ ಹಾಗಾಯಿತು.

ಇಷ್ಟು ಬಿಸಿಯನ್ನು ಗಾಳಿ ಹೊತ್ತೊಯ್ಯಬೇಕಾದರೆ, ಆ ಗಾಳಿ 30 ಡಿಗ್ರಿಯಷ್ಟು ಕಾಯಬಹುದು ಅಂದುಕೊಂಡರೂ, ಸೆಕೆಂಡಿಗೆ ಸುಮಾರು 450 ಲೀಟರ್ ಗಾಳಿ ರೇಡಿಯೇಟರನ್ನು ದಾಟಬೇಕು. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಇದು ತಂತಾನೇ ನಡೆಯುತ್ತದೆ. 8ರ ವೇಗದಲ್ಲಿ ಮುಂದಿನಿಂದ ನುಗ್ಗುವ ಗಾಳಿ ಇದರ ಅರ್ಧವೂ ಆಗುವುದಿಲ್ಲ. ಹಿಂದಿನಿಂದ ಗಾಳಿ ಬೀಸುತ್ತಿದ್ದರಂತೂ ಅದೂ ಇಲ್ಲ. ಘಟ್ಟದ ಏರಿನಲ್ಲಿ ಗಾಡಿ ಬದುಕಿರುವುದು ಫ್ಯಾನಿನಿಂದ. ಇದೊಂದು ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಫ್ಯಾನಿನ ಸುತ್ತ ಒಂದು ಕವಚ ಇರುತ್ತದೆ, ಪ್ಲಾಸ್ಟಿಕ್ಕಿನದೋ ತಗಡಿನದೋ. ಕೆಲವರು ಶ್ರೌಡ್ ಅನ್ನುತ್ತಾರೆ, ಕೆಲವರು ಕೌಲ್ ಅನ್ನುತ್ತಾರೆ. ಕಲ್ಲು ದಾರಿಯ ಗಾಡಿಯಲ್ಲಿ ಮೊದಲು ಸೀಳುವುದು ಇದೇ. ಇಂಜಿನ್ನಿನ ಫೌಂಡೇಶನ್ ರಬ್ಬರ್ ಸವೆದಿದ್ದರೆ ಇಂಜಿನ್ ಓಲಾಡಿ ಫ್ಯಾನಿನ ರೆಕ್ಕೆ ಇದಕ್ಕೆ ತಾಗುತ್ತದೆ, ಕರಕರ ಶಬ್ದ ಶುರುವಾಗುತ್ತದೆ. ಮೆಕ್ಯಾನಿಕ್ ಬಿಚ್ಚಿ ಮೂಲೆಗೆಸೆಯುತ್ತಾನೆ. "ಇದೊಂದು ದಂಡ ಸಾರ್, ಇಲ್ಲದಿದ್ರೆ ಗಾಳಿ ಇನ್ನೂ ಚೆನ್ನಾಗಿ ಆಡ್ತದೆ." ನೋಡುವ ಕಣ್ಣಿಗೆ ಅದು ಹೌದೆನ್ನಿಸುತ್ತದೆ ಕೂಡ. ಆದರೆ ಕವಚ ಇಲ್ಲದ ಫ್ಯಾನು ತನ್ನ ಎದುರಿನ ಒಂದು ವೃತ್ತದಿಂದ ಮಾತ್ರ ಗಾಳಿ ಎಳೆಯುತ್ತದೆ. ರೇಡಿಯೇಟರಿನ ನಾಲ್ಕೂ ಮೂಲೆಗಳು ಸುಮ್ಮನೆ ನಿಂತಿರುತ್ತವೆ. ಸಾಲದ್ದಕ್ಕೆ ರೆಕ್ಕೆಯ ತುದಿಯಲ್ಲಿ ಹಿಂದಕ್ಕೆ ತಳ್ಳಿದ ಗಾಳಿ ಸುತ್ತು ಹಾಕಿ ಮತ್ತೆ ಮುಂದಕ್ಕೆ ಬರುತ್ತದೆ, ಅದನ್ನೇ ಫ್ಯಾನು ಮತ್ತೆ ಎಳೆಯುತ್ತದೆ. ರೆಕ್ಕೆಯ ಅಗಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕವಚದ ಒಳಗೆ, ಉಳಿದದ್ದು ಹೊರಗೆ, ತುದಿಗೂ ಕವಚಕ್ಕೂ ನಡುವೆ ಬೆರಳಗಲದ ಸಂದು: ಇಷ್ಟಿದ್ದರೆ ಸರಿಯಾಗಿದೆ ಅಂತ. ಒಡೆದ ಕವಚಕ್ಕೆ ತಗಡು ಕತ್ತರಿಸಿ ರಿವೆಟ್ ಹೊಡೆದರೂ ನಡೆಯುತ್ತದೆ. ಸವೆದ ಫೌಂಡೇಶನ್ ರಬ್ಬರನ್ನು ಬದಲಾಯಿಸದೆ ಕವಚಕ್ಕೆ ತೇಪೆ ಹಾಕಿದರೆ ಮಾತ್ರ ಆ ತೇಪೆ ವಾರ ಬಾಳುವುದಿಲ್ಲ.

ಫ್ಯಾನು ತಿರುಗುವುದು ಬೆಲ್ಟಿನಿಂದಾದರೆ ಅದರ ವೇಗ ಇಂಜಿನ್ನಿನ ವೇಗದ ಜೊತೆ ಏರಿಳಿಯುತ್ತದೆ. ಇಲ್ಲಿ ಡ್ರೈವರ್ ಕೈಯಲ್ಲೇ ಒಂದು ಮದ್ದಿದೆ. ನಮ್ಮಲ್ಲಿ ಅನೇಕರಿಗೆ ಫೋರ್ ಲೋ, ಅಂದರೆ ನಾಲ್ಕೂ ಚಕ್ರ ಎಳೆಯುವ ತಗ್ಗಿನ ಗೇರು, ಹಾಕುವುದೆಂದರೆ ಸೋಲೊಪ್ಪಿದ ಹಾಗೆ. ಹೈನಲ್ಲೇ, ಎರಡನೇ ಗೇರಿನಲ್ಲೇ ಹತ್ತಿಸಿದೆ ಅಂತ ಹೇಳಿಕೊಳ್ಳುವುದರಲ್ಲಿ ಒಂದು ಹೆಮ್ಮೆ. ಇಂಜಿನ್ ಆಗ ಗುರ್ ಗುರ್ ಅಂತ ಏದುಸಿರು ಬಿಡುತ್ತಿರುತ್ತದೆ, ಭಾರವೆಲ್ಲ ಅದರ ಮೇಲೆ, ಫ್ಯಾನೂ ವಾಟರ್ ಪಂಪೂ ತೂಕಡಿಸುತ್ತಿರುತ್ತವೆ. ಫೋರ್ ಲೋ ಹಾಕಿದರೆ ಹಳೆಯ ಜೀಪಿನಲ್ಲಿ ಗೇರು ಸುಮಾರು ಎರಡೂವರೆ ಪಟ್ಟು ತಗ್ಗುತ್ತದೆ. ಅದೇ ನಿಧಾನದಲ್ಲಿ ಇಂಜಿನ್ 1800–2000 ಸುತ್ತು ಸಲೀಸಾಗಿ ತಿರುಗುತ್ತದೆ, ಫ್ಯಾನು ಬೀಸುತ್ತದೆ, ನೀರು ಓಡುತ್ತದೆ. ಹಾಫ್ ಕ್ಲಚ್ಚಿನಲ್ಲಿ ಎಳೆಯುವ ಪಾಡೂ ತಪ್ಪುತ್ತದೆ. ಆಟೋಮ್ಯಾಟಿಕ್ ಗೇರಿನ ಗಾಡಿಯಲ್ಲಿ ಈ ಮಾತು ಇನ್ನೂ ಮುಖ್ಯ. ಹೈ ಗೇರಿನಲ್ಲಿ ತೆವಳಿದರೆ ಟಾರ್ಕ್ ಕನ್ವರ್ಟರ್ ಜಾರಿ ಜಾರಿ ಗೇರ್ ಎಣ್ಣೆಯನ್ನು ಕಾಯಿಸುತ್ತದೆ, ಅನೇಕ ಗಾಡಿಗಳಲ್ಲಿ ಆ ಬಿಸಿಯೂ ಕೊನೆಗೆ ರೇಡಿಯೇಟರಿನ ತಲೆಗೇ ಬರುತ್ತದೆ.

ಕೆಲವು ಫ್ಯಾನುಗಳಿಗೆ ನಡುವೆ ಸಿಲಿಕೋನ್ ಎಣ್ಣೆಯ ಕ್ಲಚ್ ಇರುತ್ತದೆ. ಮುಂದಿನ ಗಾಳಿ ಬಿಸಿಯಾದಾಗ ಅದು ಬಿಗಿದು ಫ್ಯಾನನ್ನು ಪೂರ್ತಿ ತಿರುಗಿಸುತ್ತದೆ, ತಣ್ಣಗಿದ್ದಾಗ ಸಡಿಲ ಬಿಡುತ್ತದೆ. ಎಣ್ಣೆ ಸೋರಿಹೋದರೆ ಸದಾ ಸಡಿಲವೇ. ಇಂಜಿನ್ ಚೆನ್ನಾಗಿ ಬಿಸಿಯಾಗಿರುವಾಗ ಬಂದ್ ಮಾಡಿ, ಕೀಲಿ ತೆಗೆದಿಟ್ಟುಕೊಂಡು, ರೆಕ್ಕೆಯನ್ನು ಕೈಯಿಂದ ತಳ್ಳಿ ನೋಡಿ. ತಡೆಯೇ ಇಲ್ಲದೆ ಗಿರಗಿರ ತಿರುಗಿದರೆ ಅದರ ಕತೆ ಮುಗಿದಿದೆ. ನಡುವಿನ ಗುಂಡಿಯ ಸುತ್ತ ಧೂಳು ಹಿಡಿದ ಎಣ್ಣೆಯ ಗೆರೆ ಕಂಡರೂ ಅದೇ ಅರ್ಥ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ, ಹೊರಹೋಗುವ ದಾರಿ. ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿತಲ್ಲ, ಆ ಜೀಪಿನ ಬಾನೆಟ್ ಎತ್ತಿ ನೋಡಿದರೆ ನೆಲ ಕಾಣುತ್ತದೆ. ಇಂಜಿನ್, ಅದರ ಸುತ್ತ ಬರೀ ಬಯಲು. ಬಿಸಿ ಗಾಳಿಗೆ ಕೆಳಗೂ ದಾರಿ, ಪಕ್ಕದಲ್ಲೂ ದಾರಿ. ಈಗಿನ ಗಾಡಿಯ ಬಾನೆಟ್ ಎತ್ತಿ ನೋಡಿ, ಬೆರಳು ತೂರಿಸಲು ಜಾಗವಿಲ್ಲ. ಟರ್ಬೊ, ಇಂಟರ್‌ಕೂಲರ್, ಏಸಿಯ ಕಂಡೆನ್ಸರ್, ಹೊಗೆಯನ್ನು ತಣಿಸುವ ಇಜಿಆರ್ ಕೂಲರ್. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಗೆ ಶುದ್ಧಿ ಮಾಡುವ ಡಬ್ಬಿಗಳೂ ಅನೇಕ ಗಾಡಿಗಳಲ್ಲಿ ಇಂಜಿನ್ನಿಗೇ ಅಂಟಿಕೊಂಡು ಕೂತಿವೆ. ಇಷ್ಟರ ಮೇಲೆ ನಮ್ಮ ಹುಡುಗರು ಕಲ್ಲು ತಾಗದಿರಲಿ ಅಂತ ಅಡಿಗೆ ಒಂದು ಉದ್ದದ ಅಲ್ಯುಮಿನಿಯಂ ಹಲಗೆ ಬಿಗಿಸುತ್ತಾರೆ. ಕಲ್ಲಿನಿಂದ ರಕ್ಷಣೆ ಸಿಕ್ಕಿತು ನಿಜ, ಜೊತೆಗೆ ಬಿಸಿ ಗಾಳಿಯ ಹೆದ್ದಾರಿಯೂ ಮುಚ್ಚಿತು. ಆ ಹಲಗೆಯಲ್ಲಿ, ಕಲ್ಲು ಬಡಿಯದ ಹಿಂಭಾಗದಲ್ಲಿ, ಧಾರಾಳವಾಗಿ ಕಿಂಡಿ ಕೊರೆಸಿರಬೇಕು. ಅದೇ ಕಿಂಡಿಯಿಂದ ಕೆಸರೂ ಹೊರಗೆ ಹೋಗುತ್ತದೆ.

ಇನ್ನೊಂದು ಕಳ್ಳದಾರಿ ಇದೆ, ಅದನ್ನು ಬಲ್ಲವರು ಕಡಿಮೆ. ರೇಡಿಯೇಟರಿಗೂ ಮುಂದಿನ ಜಾಲರಿಗೂ ನಡುವಿನ ಸಂದುಗಳಿಗೆ ಕಂಪನಿಯವರು ರಬ್ಬರ್ ಪಟ್ಟಿಯೋ ಸ್ಪಂಜೋ ಅಂಟಿಸಿರುತ್ತಾರೆ. ನಾಲ್ಕು ಮಳೆಗಾಲ ಕಳೆದ ಗಾಡಿಯಲ್ಲಿ ಅದು ಇರುವುದಿಲ್ಲ. ವೇಗದಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ನಿಧಾನವಾಗಿ ತೆವಳುವಾಗ ಮಾತ್ರ ಇಂಜಿನ್ ಕೋಣೆಯಲ್ಲಿ ತುಂಬಿನಿಂತ ಬಿಸಿ ಗಾಳಿ ಈ ಸಂದಿನಿಂದ ಮುಂದಕ್ಕೆ ನುಸುಳಿ, ರೇಡಿಯೇಟರಿನ ಎದುರಿಗೆ ಬಂದು, ಮತ್ತೆ ಒಳಗೆ ಹೋಗುತ್ತದೆ. ಹೊರಗಿನ ಗಾಳಿ 28 ಡಿಗ್ರಿ ಇದ್ದರೂ ನಿಮ್ಮ ರೇಡಿಯೇಟರಿಗೆ ಸಿಗುವುದು ಅದಕ್ಕಿಂತ ಎಷ್ಟೋ ಬಿಸಿಯಾದ ಗಾಳಿ. ಪತ್ತೆ ಮಾಡುವುದು ಸುಲಭ. ಸಂಜೆ ಗಾಳಿಯಿಲ್ಲದ ಹೊತ್ತಿನಲ್ಲಿ, ಡೀಸೆಲ್ ಪೆಟ್ರೋಲ್ ಎಲ್ಲೂ ಜಿನುಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಇಂಜಿನ್ ಬಿಸಿಯಾದ ಮೇಲೆ ಚಾಲೂ ಇಟ್ಟು, ಒಂದು ಊದಿನಕಡ್ಡಿ ಹಚ್ಚಿ ಜಾಲರಿಯ ಮುಂದೆ ಹಿಡಿಯಿರಿ. ನಡುವೆ ಹಿಡಿದರೆ ಹೊಗೆ ಸರ್ರನೆ ಒಳಗೆ ಹೋಗುತ್ತದೆ. ನಿಧಾನಕ್ಕೆ ಅಂಚಿನತ್ತ, ಹೆಡ್‌ಲೈಟಿನ ಪಕ್ಕಕ್ಕೆ, ಮೇಲಿನ ಪಟ್ಟಿಯ ಹತ್ತಿರಕ್ಕೆ ತನ್ನಿ. ಎಲ್ಲಾದರೂ ಹೊಗೆ ನಿಮ್ಮ ಮುಖದ ಕಡೆಗೇ ತಿರುಗಿತೋ, ಅಲ್ಲಿಂದ ಬಿಸಿ ಗಾಳಿ ಹೊರಬರುತ್ತಿದೆ. ಹಳೆಯ ಟ್ಯೂಬ್ ಕತ್ತರಿಸಿ ಆ ಸಂದು ಮುಚ್ಚಿ. ಹೊಸ ರೇಡಿಯೇಟರಿಗೆ ಕೊಡುವ ದುಡ್ಡಿನ ಮುಂದೆ ಇದಕ್ಕೆ ಆಗುವ ಖರ್ಚು ಏನೂ ಅಲ್ಲ.

ಬಾನೆಟ್ಟಿನ ಹಿಂದಿನ ಕೀಲಿಗೆ ವಾಷರ್ ಕೊಟ್ಟು ಒಂದಿಂಚು ಎತ್ತರಿಸುವ ಪದ್ಧತಿ ನೀವು ನೋಡಿರಬಹುದು. ಇದರ ಬಗ್ಗೆ ಎರಡು ಪಂಗಡಗಳಿವೆ, ಎರಡೂ ಜೋರಾಗಿ ಜಗಳಾಡುತ್ತವೆ. ಎರಡರದ್ದೂ ಅರ್ಧ ಸರಿ. ಗಾಡಿ ವೇಗದಲ್ಲಿ ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಬಂದು ಬಡಿದು ಒತ್ತಡ ಕಟ್ಟಿಕೊಳ್ಳುತ್ತದೆ. ಅಲ್ಲಿ ಸಂದು ಕೊಟ್ಟರೆ ಗಾಳಿ ಹೊರಬರುವ ಬದಲು ಒಳಗೆ ನುಗ್ಗುತ್ತದೆ. ಅನೇಕ ಕಾರುಗಳು ಕೂರುವವರಿಗೆ ಬೇಕಾದ ಗಾಳಿಯನ್ನು ಅಲ್ಲಿಂದಲೇ ಎಳೆದುಕೊಳ್ಳುವುದೂ ಇದೇ ಕಾರಣಕ್ಕೆ. ಎಂಟು ಹತ್ತರ ವೇಗದಲ್ಲಿ ಆ ಒತ್ತಡವೇ ಇರುವುದಿಲ್ಲ, ಬಿಸಿ ಗಾಳಿ ತನ್ನ ಸ್ವಭಾವದಂತೆ ಮೇಲೇರಿ ಆ ಸಂದಿನಿಂದ ಹೊರಬೀಳುತ್ತದೆ. ದಿನವಿಡೀ ತೆವಳುವ ಗಾಡಿಗೆ ಇದರಿಂದ ಲಾಭ, ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರ್ ಬಂದು ಆಮೇಲೆ ಕಾಡು ಹತ್ತುವ ಗಾಡಿಗೆ ನಷ್ಟ. ಎರಡಕ್ಕೂ ಒದಗಬೇಕೆಂದರೆ ಬಾನೆಟ್ಟಿನ ನಡುವೆ, ರೇಡಿಯೇಟರಿಗೆ ತುಸು ಹಿಂದೆ, ಹಿಮ್ಮುಖವಾಗಿ ತೆರೆದ ಸೀಳು ಜಾಲರಿ ಕೊರೆಸಬೇಕು. ವೇಗದಲ್ಲೂ ಅಲ್ಲಿ ಒತ್ತಡ ಕಡಿಮೆಯೇ. ಆದರೆ ನಮ್ಮ ಮಲೆನಾಡಿನ ಮಳೆ ಸಾಮಾನ್ಯದ್ದಲ್ಲ. ಜಾಲರಿಯ ಕೆಳಗೆ ಏನಿದೆ ಅಂತ ನೋಡದೆ ಕೊರೆಸಿದರೆ, ಆಷಾಢದ ನೀರು ನೇರ ಆಲ್ಟರ್ನೇಟರಿನ ನೆತ್ತಿಗೆ. ಕೆಳಗೊಂದು ತಗಡಿನ ದೋಣಿ ಕೊಟ್ಟು ನೀರನ್ನು ಬದಿಗೆ ಹರಿಸಿದರೆ ಚಿಂತೆಯಿಲ್ಲ.

ಮುಂದಿನ ಭಾಗದ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ವಿಂಚು, ದಪ್ಪ ಬಂಪರು, ಅದರ ಮೇಲೆ ನಾಲ್ಕು ದೊಡ್ಡ ದೀಪ, ನಂಬರ್ ಪ್ಲೇಟು, ಸಂಘದ ಬೋರ್ಡು. ಇವೆಲ್ಲ ನಿಂತಿರುವುದು ರೇಡಿಯೇಟರಿನ ಮೂಗಿನ ಮುಂದೆ. ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಸಿ.

ಕೆಸರಿನ ಮಾತಿಗೆ ಮಾತ್ರ ಸ್ವಲ್ಪ ಹೊತ್ತು ಬೇಕು. ಜಂಬಿಟ್ಟಿಗೆಯ ಕೆಂಪು ಮಣ್ಣು ನೀರಲ್ಲಿ ಕಲಸಿದಾಗ ನುಣ್ಣಗಿರುತ್ತದೆ, ರೇಡಿಯೇಟರಿನ ಎಳೆಗಳ ನಡುವೆ ಹೋಗಿ ಕೂತು, ಅಲ್ಲಿನ ಬಿಸಿಗೆ ಒಣಗಿ, ಇಟ್ಟಿಗೆಯೇ ಆಗುತ್ತದೆ. ಅದಕ್ಕೆ ಹುಲ್ಲಿನ ಬೀಜ, ಚಿಟ್ಟೆಯ ರೆಕ್ಕೆ, ಲಂಟಾನದ ಹೂವು ಎಲ್ಲ ಸೇರುತ್ತವೆ. ಮುಂದಿನಿಂದ ನೋಡಿದರೆ ರೇಡಿಯೇಟರ್ ಕ್ಲೀನಾಗಿಯೇ ಕಾಣಬಹುದು, ಯಾಕೆಂದರೆ ಏಸಿ ಇರುವ ಗಾಡಿಯಲ್ಲಿ ನಿಮಗೆ ಕಾಣುವುದು ಕಂಡೆನ್ಸರ್. ಕೊಳೆ ಇರುವುದು ಅದರ ಮತ್ತು ರೇಡಿಯೇಟರಿನ ನಡುವಿನ ಎರಡು ಬೆರಳಿನ ಸಂದಿಯಲ್ಲಿ. ರಾತ್ರಿ ಫ್ಯಾನಿನ ಕಡೆಯಿಂದ ಟಾರ್ಚ್ ಹಿಡಿಸಿ ಮುಂದಿನಿಂದ ನೋಡಿ. ಬೆಳಕು ಎಲ್ಲಿ ಬರುವುದಿಲ್ಲವೋ ಅಲ್ಲಿ ಗಾಳಿಯೂ ಬರುವುದಿಲ್ಲ. ತೊಳೆಯುವಾಗ ಫ್ಯಾನಿನ ಕಡೆಯಿಂದ ಮುಂದಕ್ಕೆ ನೀರು ಬಿಡಬೇಕು, ಬಂದ ದಾರಿಯಲ್ಲೇ ಕೊಳೆ ಹಿಂದಿರುಗಬೇಕು. ತೋಟದ ಪೈಪಿನ ಸಾದಾ ನೀರು ಸಾಕು. ಮೊದಲು ಚೆನ್ನಾಗಿ ನೆನೆಸಿ, ಅರ್ಧ ಗಂಟೆ ಬಿಡಿ, ಆಮೇಲೆ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹಿಡಿದರೆ ಎಳೆಗಳೆಲ್ಲ ಮಲಗಿಬಿಡುತ್ತವೆ, ಕೊಳೆ ಹೋದರೂ ದಾರಿ ಮುಚ್ಚಿತು. ಕೆಸರಿನ ಸ್ಪರ್ಧೆಗೆಂದೇ ಕಟ್ಟಿದ ಗಾಡಿಗಳಲ್ಲಿ ರೇಡಿಯೇಟರನ್ನೇ ತೆಗೆದು ಹಿಂದೆ, ಡ್ರೈವರಿನ ಬೆನ್ನಿಗೆ ಎತ್ತರದಲ್ಲಿ ಕೂರಿಸಿರುವುದುಂಟು. ಬಾಡಿಗೆ ಜೀಪಿಗೆ ಆ ಭಾಗ್ಯವಿಲ್ಲ, ಅಲ್ಲಿ ಜನ ಕೂರಬೇಕು.

ಈಗ ರೇಡಿಯೇಟರಿನ ಮುಚ್ಚಳ. ಅದರ ನೆತ್ತಿಯ ಮೇಲೆ 0.9 ಅಂತಲೋ 13 ಅಂತಲೋ ಬರೆದಿರುತ್ತದೆ. ಮೊದಲನೆಯದು ಬಾರ್ ಲೆಕ್ಕ, ಎರಡನೆಯದು ಪೌಂಡಿನ ಲೆಕ್ಕ. ಒಳಗಿನ ಒತ್ತಡ ಅಷ್ಟಾಗುವವರೆಗೆ ಮುಚ್ಚಳ ಬಿಗಿಯಾಗಿ ಹಿಡಿದಿಡುತ್ತದೆ, ಆ ಒತ್ತಡದಲ್ಲಿ ಬರೀ ನೀರು ಕೂಡ 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅದರ ರಬ್ಬರ್ ಬಿಲ್ಲೆ ಬಿರಿದಿದ್ದರೆ? ತೆರೆದ ಪಾತ್ರೆಯ ನೀರಿಗೂ ರೇಡಿಯೇಟರಿನ ನೀರಿಗೂ ವ್ಯತ್ಯಾಸವಿಲ್ಲ. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ, 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಡಿಮೆ. ಕೊಡಚಾದ್ರಿಯ ನೆತ್ತಿಯಲ್ಲಿ 96ರ ಆಸುಪಾಸಿಗೆ ಕುದಿ ಬರುತ್ತದೆ. ಇಂಜಿನ್ 90ರಲ್ಲಿ ಕೆಲಸ ಮಾಡುತ್ತಿರುವಾಗ ನಿಮ್ಮ ಕೈಯಲ್ಲಿ ಉಳಿದದ್ದು ಆರೇ ಡಿಗ್ರಿ. ಮುಚ್ಚಳ ಗಟ್ಟಿಯಿದ್ದರೆ ಅದೇ ನೆತ್ತಿಯಲ್ಲಿ 116ರವರೆಗೆ ಧೈರ್ಯವಾಗಿರಬಹುದು. ಮೇಲೆ ಮಾತ್ರ ಕುದಿಯುತ್ತದೆ, ಕೆಳಗೆ ಏನೂ ತೊಂದರೆಯಿಲ್ಲ ಅನ್ನುವ ಗಾಡಿ ಬಂದರೆ ನಾನು ಮೊದಲು ಕೇಳುವುದು ಮುಚ್ಚಳ ಬದಲಾಯಿಸಿ ಎಷ್ಟು ವರ್ಷವಾಯಿತು ಅಂತ.

ಕೂಲೆಂಟ್ ದುಬಾರಿ, ಹಳ್ಳದ ನೀರು ಬಿಟ್ಟಿ. ನಮ್ಮವರಿಗೆ ಹಳ್ಳದ ನೀರೇ ಪ್ರೀತಿ. ದಾರಿಯಲ್ಲಿ ಪ್ರಾಣಕ್ಕೆ ಬಂದಾಗ ಅದನ್ನೇ ಹಾಕಬೇಕು, ತಪ್ಪಿಲ್ಲ. ಊರಿಗೆ ಬಂದ ಮೇಲೆ ಅದನ್ನು ಬಸಿದು ಕೂಲೆಂಟ್ ಹಾಕದಿರುವುದು ತಪ್ಪು. ಆ ನೀರಿನ ಮಣ್ಣು, ಕಬ್ಬಿಣ, ಸುಣ್ಣ ಎಲ್ಲ ಒಳಗೆ ಹಕ್ಕಳೆ ಕಟ್ಟುತ್ತವೆ. ಇನ್ನೊಂದು ತುದಿಯವರೂ ಇದ್ದಾರೆ, ನೀರೇ ಬೆರೆಸದೆ ಪೂರ್ತಿ ಕೂಲೆಂಟ್ ತುಂಬಿಸುವವರು. ಗ್ಲೈಕಾಲ್ ನೀರಿನಷ್ಟು ಬಿಸಿ ಹೊರುವುದಿಲ್ಲ. ಅರ್ಧಕ್ಕರ್ಧ ಬೆರೆಸುವುದೇ ಸರಿ, ರೆಡಿ ಮಿಕ್ಸ್ ತಂದಿದ್ದರೆ ಹಾಗೆಯೇ ಸುರಿಯುವುದು.

ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಕುವ ಚಟ ನಮ್ಮ ಗ್ಯಾರೇಜುಗಳಿಗೆ ಯಾವಾಗ ಅಂಟಿತೋ. "ನಮ್ಮ ದೇಶಕ್ಕೆ ಇದು ಬೇಡ" ಅನ್ನುತ್ತಾರೆ. ಕೆಲವು ಇಂಜಿನ್ನುಗಳಲ್ಲಿ ಈ ವಾಲ್ವಿಗೆ ಎರಡು ಕೆಲಸ: ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವುದು, ಜೊತೆಗೆ ರೇಡಿಯೇಟರಿಗೆ ಹೋಗದೆ ನೀರು ಇಂಜಿನ್ನಿನಲ್ಲೇ ಸುತ್ತುವ ಅಡ್ಡದಾರಿಯನ್ನು ತನ್ನ ಬುಡದಿಂದ ಮುಚ್ಚುವುದು. ಕಿತ್ತೆಸೆದರೆ ಆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ನೀರಿನಲ್ಲಿ ಒಂದು ಪಾಲು ತಣಿಯದೆ ಮತ್ತೆ ಮತ್ತೆ ಇಂಜಿನ್ನಿಗೇ ಹೋಗುತ್ತದೆ. ಹೀಟ್ ಕಡಿಮೆ ಮಾಡಲೆಂದು ಮಾಡಿದ ಕೆಲಸ ಏರಿನಲ್ಲಿ ಹೀಟ್ ಹೆಚ್ಚಿಸಿತು, ಚಳಿಗಾಲದ ಬೆಳಗ್ಗೆ ಇಂಜಿನ್ ಕಾಯದೆ ಡೀಸೆಲ್ ಕುಡಿಯಿತು.

ನೀರಿನ ಬಿಸಿ ಒಂದು ಕತೆಯಾದರೆ ಹೊಗೆಕೊಳವೆಯ ಬಿಸಿ ಬೇರೆಯೇ ಕತೆ. ಭಾರ ಎಳೆಯುವ ಡೀಸೆಲ್ ಇಂಜಿನ್ನಿನ ಹೊಗೆ 600 ಡಿಗ್ರಿ ಮುಟ್ಟುತ್ತದೆ. ಮ್ಯಾನಿಫೋಲ್ಡ್, ಟರ್ಬೊದ ಹೊಟ್ಟೆ, ಅಲ್ಲಿಂದ ಇಳಿಯುವ ಪೈಪು, ಇವು ಗಾಳಿಯನ್ನು ಕಾಯಿಸುವುದಷ್ಟೇ ಅಲ್ಲ, ಎದುರಿಗಿದ್ದದ್ದಕ್ಕೆ ನೇರವಾಗಿ ಝಳ ಹೊಡೆಯುತ್ತವೆ. ಈ ಝಳದ ಲೆಕ್ಕ ವಿಚಿತ್ರ: ಲೋಹದ ಮೈ 600ರಿಂದ 500ಕ್ಕೆ ಇಳಿದರೆ ಸೂಸುವ ಶಾಖ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಇಳಿದುಹೋಗುತ್ತದೆ. ನಡುವೆ ಒಂದು ತಗಡು ನಿಂತರೂ ಸಾಕು, ಝಳ ಅರ್ಧವಾಗುತ್ತದೆ. ಹೊಳೆಯುವ ಅಲ್ಯುಮಿನಿಯಂ ತಗಡಾದರೆ ಇನ್ನೂ ಕಡಿಮೆ. ಪೈಪಿಗೂ ತಗಡಿಗೂ ನಡುವೆ ಅರ್ಧ ಮುಕ್ಕಾಲು ಇಂಚು ಸಂದು ಬಿಟ್ಟಿರಬೇಕು, ಅದರಲ್ಲಿ ಗಾಳಿ ಆಡಬೇಕು. ವೈರಿನ ಕಟ್ಟು, ಕ್ಲಚ್ಚಿನ ಎಣ್ಣೆ ಪೈಪು, ಡೀಸೆಲ್ ಹೋಸು, ಬ್ಯಾಟರಿ ಇವುಗಳ ಎದುರು ಇಂಥ ತಗಡು ನಿಲ್ಲಿಸಿದರೆ ಅವುಗಳ ಆಯುಷ್ಯ ನೀವೇ ಕೈಯಾರೆ ಬೆಳೆಸಿದ ಹಾಗೆ. ಬ್ಯಾಟರಿಯವರ ಹಳೆಯ ಲೆಕ್ಕದ ಪ್ರಕಾರ ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಬಾಳಿಕೆ ಅರ್ಧ.

ಪೈಪಿಗೆ ಗ್ಲಾಸ್ ಫೈಬರ್ ಪಟ್ಟಿ ಸುತ್ತುವುದು ಈಗ ಫ್ಯಾಷನ್. ನೋಡಲು ರೇಸ್ ಗಾಡಿಯ ಹಾಗಿರುತ್ತದೆ. ಒಣ ದೇಶದ ರೇಸಿಗೆ ಅದು ಒಳ್ಳೆಯದೇ. ನಮ್ಮ ಗಾಡಿ ಹಳ್ಳ ದಾಟುತ್ತದೆ, ನಾಲ್ಕು ತಿಂಗಳು ಮಳೆಯಲ್ಲಿ ನಿಲ್ಲುತ್ತದೆ. ಪಟ್ಟಿ ನೀರು ಕುಡಿದು ಪೈಪಿನ ಮೈಗೆ ಅಂಟಿಕೊಂಡೇ ಇರುತ್ತದೆ, ಒಳಗೊಳಗೇ ತುಕ್ಕು ತಿನ್ನುತ್ತದೆ. ಡೀಸೆಲ್ಲೋ ಇಂಜಿನ್ ಆಯಿಲ್ಲೋ ಜಿನುಗಿದ್ದನ್ನು ಅದು ಹೀರಿಕೊಂಡರೆ ಬತ್ತಿ ಸಿದ್ಧವಾಯಿತು. ನಾನಂತೂ ತಗಡಿನ ಪಕ್ಷ.

ಡ್ರೈವರಿನ ಎದುರಿಗಿರುವ ಮೀಟರನ್ನು ಪೂರ್ತಿ ನಂಬಬೇಡಿ ಅನ್ನುವುದಕ್ಕೆ ಗ್ಯಾರೇಜಿನಲ್ಲಿ ಕೇಳಿದ ಒಂದು ಮಾತುಕತೆ ಹೇಳುತ್ತೇನೆ.

"ಅಣ್ಣಾ, ಹತ್ತುವಾಗ ಮುಳ್ಳು ಕೆಂಪಿಗೆ ಹೋಗಿತ್ತು. ಆಮೇಲೆ ಅದರಷ್ಟಕ್ಕೆ ಇಳೀತು. ಸರಿಯಾಯ್ತಲ್ಲ ಅಂತ ಹೊಡ್ಕೊಂಡು ಬಂದೆ."

"ನೀರು ಎಷ್ಟಿತ್ತು ನೋಡಿದ್ಯಾ ಮಾರಾಯ?"

"ಇಲ್ಲ. ಮುಳ್ಳು ಇಳಿದಿತ್ತಲ್ಲ!"

"ನೀರು ಇದ್ರೆ ಅಲ್ವಾ ಅದಕ್ಕೆ ಗೊತ್ತಾಗೋದು? ನೀರೇ ಖಾಲಿ. ಹೆಡ್ ಬಿಚ್ಚಬೇಕು."

ಮೀಟರಿನ ಸೆನ್ಸರ್ ನೀರಲ್ಲಿ ಮುಳುಗಿದ್ದರೆ ಮಾತ್ರ ಸತ್ಯ ಹೇಳುತ್ತದೆ. ನೀರು ಚೆಲ್ಲಿಹೋಗಿ ಅದು ಬರೀ ಆವಿಯಲ್ಲಿ ಕೂತರೆ ಮುಳ್ಳು ಇಳಿಯುವುದುಂಟು. ಏರಿನ ನಡುವೆ ಕಾರಣವಿಲ್ಲದೆ ಮುಳ್ಳು ಸರಕ್ಕನೆ ಇಳಿದರೆ ಹೆದರಬೇಕು. ಇನ್ನು ಮುಳ್ಳು ಏರಿದಾಗ ಏನು ಮಾಡುವುದು? ನೀರು ಒಳಗಿದೆ, ಹೊಗೆಯಾಡುತ್ತಿಲ್ಲ ಅಂದರೆ ಬಂದ್ ಮಾಡಬೇಡಿ. ನ್ಯೂಟ್ರಲ್ಲಿಗೆ ತಂದು, ಏಸಿ ಆರಿಸಿ, ಗಾಡಿಯ ಮುಖ ಗಾಳಿಗೆ ತಿರುಗಿಸಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ 1200–1500ರಲ್ಲಿ ಇಂಜಿನ್ ಓಡಲಿ. ಹೀಟರ್ ಇದ್ದರೆ ಪೂರ್ತಿ ತಿರುಗಿಸಿ, ಅದೂ ಒಂದು ಪುಟ್ಟ ರೇಡಿಯೇಟರೇ. ಆವಿ ಬರುತ್ತಿದೆ, ಹೋಸ್ ಒಡೆದಿದೆ, ಬೆಲ್ಟ್ ತುಂಡಾಗಿದೆ ಅಂದರೆ ಮಾತ್ರ ತಕ್ಷಣ ಬಂದ್. ಮುಚ್ಚಳಕ್ಕೆ ಕೈ ಹಾಕಬೇಡಿ. ಕಾದ ಇಂಜಿನ್ನಿಗೆ ಹಳ್ಳದ ತಣ್ಣೀರು ಎರಚಿ ಹೆಡ್ ಸೀಳಿಸಿಕೊಂಡವರಿದ್ದಾರೆ.

ಹಳ್ಳ ದಾಟುವಾಗ ಫ್ಯಾನು ನೀರನ್ನು ಹೊಡೆದರೆ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನು ಕೆರೆಯುತ್ತದೆ. ನೀರು ಫ್ಯಾನಿನ ಮಟ್ಟಕ್ಕೆ ಬರುವಂತಿದ್ದರೆ ಜಾಲರಿಯ ಮುಂದೆ ಟಾರ್ಪಾಲು ಕಟ್ಟಿ, ನಿಧಾನವಾಗಿ, ನಿಲ್ಲದೆ ದಾಟಿ. ಬಿಸಿ ಇಂಜಿನ್ನನ್ನು ತಣ್ಣೀರಿಗೆ ಇಳಿಸುವ ಮೊದಲು ದಡದಲ್ಲಿ ಐದು ನಿಮಿಷ ನಿಂತರೆ ಒಳ್ಳೆಯದು. ದಾಟಿದ ಮೇಲೆ ಟಾರ್ಪಾಲು ಬಿಚ್ಚಲು ಮರೆಯುವವರೂ ಇದ್ದಾರೆ!

ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ, ಇಂಜಿನ್ ಕೋಣೆ ಅತಿ ಹೆಚ್ಚು ಕಾಯುವುದು ಗಾಡಿ ನಿಂತ ಮೇಲೆ. ಓಡುತ್ತಿರುವಾಗ ನೀರು, ಗಾಳಿ, ಆಯಿಲ್ ಎಲ್ಲ ಬಿಸಿಯನ್ನು ಹೊರುತ್ತಿರುತ್ತವೆ. ಕೀಲಿ ತಿರುಗಿಸಿದ ಕ್ಷಣ ಮೂರೂ ನಿಂತವು, ಕಬ್ಬಿಣದಲ್ಲಿ ಹುದುಗಿದ ಬಿಸಿ ಮಾತ್ರ ಹೊರಬರುತ್ತಲೇ ಇರುತ್ತದೆ. ಹತ್ತು ಹದಿನೈದು ನಿಮಿಷ ಬಾನೆಟ್ಟಿನ ಕೆಳಗಿನ ಬಿಸಿ ಏರುತ್ತಲೇ ಹೋಗುತ್ತದೆ. ಪೆಟ್ರೋಲ್ ಇಂಜಿನ್ನಿನ ಹಳೆಯ ಜೀಪುಗಳು ಘಟ್ಟ ಹತ್ತಿ ನಿಂತು ಚಾ ಕುಡಿದು ಬರುವಷ್ಟರಲ್ಲಿ ಸ್ಟಾರ್ಟ್ ಆಗದಿರುತ್ತಿದ್ದದ್ದು ಇದಕ್ಕೇ. ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಗಾಳಿ ಹಿಡಿದಿರುತ್ತಿತ್ತು. ಆಗಿನ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಡೀಸೆಲ್ ಬಂದ ಮೇಲೆ ಆ ಕಾಟ ಹೋಯಿತು, ಟರ್ಬೊದ ಕಾಟ ಬಂತು. ಏರು ಮುಗಿದ ತಕ್ಷಣ ಬಂದ್ ಮಾಡಿದರೆ ಟರ್ಬೊದ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಇದ್ದಿಲಾಗುತ್ತದೆ. ಒಂದೆರಡು ನಿಮಿಷ ಐಡಲ್ಲಿನಲ್ಲಿ ಬಿಡಿ, ಆಮೇಲೆ ಬಂದ್ ಮಾಡಿ ಬಾನೆಟ್ ಎತ್ತಿಡಿ. ಜನ ಇಳಿಯಲು ಅಷ್ಟು ಹೊತ್ತು ಹೇಗೂ ಬೇಕು.

ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನೂ ನೋಡಿ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಸ್ಪಿನಿಫೆಕ್ಸ್ ಎಂಬ ಹುಲ್ಲು ಗಾಡಿಯ ಅಡಿಯಲ್ಲಿ, ಹೊಗೆಕೊಳವೆಯ ಸುತ್ತ ಸಿಕ್ಕಿಕೊಂಡು ಹೊತ್ತಿಕೊಳ್ಳುತ್ತದೆ. ಗಾಡಿಗೆ ಗಾಡಿಯೇ ಸುಟ್ಟುಹೋದದ್ದುಂಟು. ಅಲ್ಲಿನ ಡ್ರೈವರುಗಳು ಆಗಾಗ ಇಳಿದು ಅಡಿಗೆ ಮಲಗಿ ಹುಲ್ಲು ಕಿತ್ತು ಮುಂದೆ ಹೋಗುತ್ತಾರೆ. ನಮ್ಮ ಘಟ್ಟದ ನೆತ್ತಿಯ ಹುಲ್ಲುಗಾವಲು ಫೆಬ್ರವರಿ, ಮಾರ್ಚಿಗೆ ಒಣಗಿ ಬೆಂಕಿಪೊಟ್ಟಣವಾಗಿರುತ್ತದೆ, ಕೊಡಚಾದ್ರಿಯ ಸುತ್ತ ಇರುವುದು ಮೂಕಾಂಬಿಕಾ ಅಭಯಾರಣ್ಯ. ಬಿಎಸ್ 6 ಡೀಸೆಲ್ ಗಾಡಿಗಳು ಹೊಗೆ ಶುದ್ಧಿಯ ಡಬ್ಬಿಯಲ್ಲಿ ಕೂತ ಮಸಿಯನ್ನು ಸುಟ್ಟುಕೊಳ್ಳುವಾಗ ಆ ಡಬ್ಬಿ 600 ಡಿಗ್ರಿಯ ಹತ್ತಿರ ಹೋಗುತ್ತದೆ. ಮೊಣಕಾಲೆತ್ತರದ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಫೋಟೋ ತೆಗೆಯಲು ಹೊರಡಬೇಡಿ. ಬಂಡೆಯ ಮೇಲೋ ಬೋಳು ಮಣ್ಣಿನ ಮೇಲೋ ನಿಲ್ಲಿಸಿ, ಹೊರಡುವ ಮೊದಲು ಒಂದು ಸಲ ಬಗ್ಗಿ ಅಡಿಗೆ ನೋಡಿ, ಸಿಕ್ಕಿಕೊಂಡ ಹುಲ್ಲನ್ನು ಕಡ್ಡಿಯಿಂದ ಎಳೆದುಹಾಕಿ. ಕೈಯಿಂದ ಬೇಡ, ಸೈಲೆನ್ಸರ್ ಇನ್ನೂ ಸುಡುತ್ತಿರುತ್ತದೆ.